ಕೋಥರೂಡಿಗೆ ಬಂದ ಕಾಟಿ

ಪುಣೆಗೆ ಬಂದು ಇಷ್ಟು ವರ್ಷವಾದರೂ ಮರಾಠಿಯಲ್ಲಿ 'ಗವಾ' ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ ನೋಡಿ. 2020ರ ಡಿಸೆಂಬರ್ 9ರ ಬೆಳಿಗ್ಗೆ ಪಕ್ಕದ ಮನೆಯ ಕಾಕಾ ಮಾಸ್ಕ್ ಏರಿಸಿಕೊಳ್ಳುತ್ತಾ "ಮಹಾತ್ಮಾ ಸೊಸೈಟೀತ್ ಗವಾ ಆಲಾಯ್, ಚಲಾ" ಅಂದರು. ಯಾರೋ ಗವಾಯಿ ಇರಬೇಕು, ಈ ಕೊರೊನಾ ಕಾಲದಲ್ಲಿ ಬೆಳಿಗ್ಗೆ ಬೆಳಿಗ್ಗೆ ಎಂಥ ಹಾಡು ಅಂದುಕೊಂಡೇ ಹೊರಟೆ.

ಹೋಗಿ ನೋಡಿದರೆ ನಮ್ಮ ಕಾಟಿ! ಕಪ್ಪುಗಂದು ಮೈ, ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ ಹಾಕಿದ ಹಾಗೆ, ಹೆಗಲಿನಿಂದ ಬೆನ್ನಿನ ನಡುವಿನತನಕ ಎದ್ದ ದಿಣ್ಣೆ. ಕಳಸದ ನಮ್ಮ ಗದ್ದೆಯಂಚಿನಲ್ಲಿ ಮುಸ್ಸಂಜೆ ನಿಲ್ಲುತ್ತಿದ್ದದ್ದು ಇಲ್ಲಿ ಕಾರುಗಳ ಮಧ್ಯೆ ನಿಂತಿತ್ತು. ಇಂಗ್ಲಿಷರು ಇದನ್ನು ಬೈಸನ್ ಅಂದರು, ಆದರೆ ಇದು ಅಮೆರಿಕದ ಬೈಸನ್ ಅಲ್ಲ, ನಮ್ಮ ಕೊಟ್ಟಿಗೆಯ ದನದ ನೆಂಟ. ಬಲಿತ ಗಂಡು ಆರಡಿ ಎತ್ತರ, ಸಾವಿರ ಕಿಲೋವರೆಗೂ ತೂಗುವುದುಂಟು. ಅಷ್ಟು ದೊಡ್ಡ ಮೈಗೆ ಬಿಸಿಲು ಆಗಿಬರುವುದಿಲ್ಲ. ಬೆಳಿಗ್ಗೆ, ಸಂಜೆ ಮೇಯ್ದು, ಮಧ್ಯಾಹ್ನ ನೆರಳಲ್ಲಿ ಮಲಗಿ ಮೆಲುಕು ಹಾಕುವ ಪ್ರಾಣಿ. ಹುಲ್ಲು, ಬಿದಿರು, ನೀರು, ದಟ್ಟ ಮರ ಬೇಕು. ಕುದುರೆಮುಖದ ಸಹ್ಯಾದ್ರಿಯೇ ಕೊಲ್ಲಾಪುರದ ರಾಧಾನಗರಿ ದಾಟಿ ಪುಣೆಯ ಪಶ್ಚಿಮಕ್ಕೂ ಬರುತ್ತದಲ್ಲ, ಊರವನನ್ನು ಕಂಡಷ್ಟು ಖುಷಿಯಾಯ್ತು ನನಗೆ. ಫೋನು ಎತ್ತಿ ಹಿಡಿದು ವಿಡಿಯೋ ಮಾಡಿ ಅಮ್ಮನಿಗೆ ಕಳಿಸಿದೆ.

ಎಲ್ಲರ ಕೈಯಲ್ಲೂ ಫೋನು. ಕೂಗು, ಶಿಳ್ಳೆ. ಅದು ಗೋಡೆಯಿಂದ ಗೋಡೆಗೆ ಓಡಿತು. ಅರಣ್ಯ ಇಲಾಖೆಯವರು ಅರಿವಳಿಕೆ ಚುಚ್ಚಿ ಹಿಡಿದರು. ಅವತ್ತೇ ಸತ್ತುಹೋಯಿತು.

ರಾತ್ರಿ ಅಮ್ಮ ಫೋನು ಮಾಡಿದಳು. "ಅಪ್ಪಯ್ಯ ಕಾಟಿಗೆ ಎಷ್ಟು ಬೈತಿದ್ರು ಗೊತ್ತಲ್ಲ, ಒಂದು ರಾತ್ರೀಲಿ ಪೈರು ಪೂರ್ತಿ ಮುಗಿಸ್ತಿತ್ತು. ಡಬ್ಬ ಬಡಿದು ಓಡಿಸ್ತಿದ್ರು. ಆದ್ರೆ ಕಾಡಿನ ಕಡೆ ಯಾರನ್ನೂ ನಿಲ್ಲೋಕೆ ಬಿಡ್ತಿರ್ಲಿಲ್ಲ. ನೀವು ಅದಕ್ಕೆ ಹೋಗೋಕೆ ದಾರಿ ಬಿಟ್ಟಿದ್ರೇನೋ?"

ನಾನು ನಿಂತಿದ್ದ ಜಾಗ ನೆನಪಾಯಿತು. ಸೊಸೈಟಿಯ ಗೇಟು. ಏನೂ ಹೇಳಲಿಲ್ಲ.

ಹದಿಮೂರು ದಿನ ಕಳೆದು, 22ರಂದು, ಬಾವಧನದಲ್ಲಿ ಇನ್ನೊಂದು ಬಂತು. ಕಾಕಾ ಮತ್ತೆ ಬೆಲ್ ಮಾಡಿದರು. ಚಪ್ಪಲಿ ಮೆಟ್ಟಿದವನು ಬಾಗಿಲಲ್ಲೇ ನಿಂತುಬಿಟ್ಟೆ. ಈ ಸಲ ಜನರನ್ನು ದೂರವೇ ತಡೆದಿದ್ದರು. ಕಾಟಿ ಕಾಡಿಗೆ ಮರಳಿದ ಸುದ್ದಿ ಬಂದ ಮೇಲೆ ಅಮ್ಮನಿಗೆ ಫೋನು ಮಾಡಿ ತಿಳಿಸಿದೆ. ಹಾಗೇ, ಆ ಹಳೇ ವಿಡಿಯೋ ಅಳಿಸಿಬಿಡು ಅಂದೆ.

ಅವತ್ತು ರಾತ್ರಿಯೇ ಅಳಿಸಿದ್ದಳಂತೆ.