ಅಕ್ಕನ ಕೂಸಿನ ಚರ್ಮ

ಹೇಳು ಹೇಳು ಎಂದು ಎಷ್ಟೋ ಸಲ ಕೇಳಿದ್ದೀರಿ. ಚಳಿಯೂ ಇದೆ, ಬೆಂಕಿಯೂ ಇದೆ, ಇವತ್ತು ಹೇಳುತ್ತೇನೆ. ಅಕ್ಕನನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳು, ಒಂದು ಮನೆಗಾದ್ರೂ ಉಪಯೋಗಕ್ಕೆ ಬರ್ಲಿ" ಅಂದಳು.

ಅವಳ ಮೊದಲ ಕೂಸು ಹುಟ್ಟಿದ್ದು 2014ರ ಡಿಸೆಂಬರಿನಲ್ಲಿ. ರಾಗಿ ಕೊಯ್ದು ಮೆದೆ ಒಟ್ಟಿದ್ದ ಕಾಲ. ನಮ್ಮೂರು ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ದಾರಿಯಲ್ಲಿ, ಕಾಡಿನ ಮಗ್ಗುಲಲ್ಲಿದೆ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಕೃಷ್ಣಗಿರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2022ರ ಜನವರಿಯಲ್ಲಿ. ಕೂಸು ಹುಟ್ಟಿದಾಗ ಇನ್ನೂ ಇರಲಿಲ್ಲ. ದೊಡ್ಡ ಕಾಯಿಲೆ ಎಂದರೆ ಧರ್ಮಪುರಿ, ಸೇಲಂ, ಇಲ್ಲವೇ ಅತ್ತಿಬೆಲೆ ದಾಟಿ ಬೆಂಗಳೂರು.

ಹೆರಿಗೆ ಸುಸೂತ್ರವಾಗಿಯೇ ಆಯಿತು. ಆದರೆ ಕೂಸಿನ ಎಡಗಾಲಿಗೆ ಮೊಣಕಾಲಿನಿಂದ ಪಾದದವರೆಗೆ ಚರ್ಮವೇ ಇರಲಿಲ್ಲ. ಹಸಿ ಕೆಂಪು. ಮಾರನೆಯ ದಿನ ಸೊಂಟದಲ್ಲಿ, ಹಿಮ್ಮಡಿಯಲ್ಲಿ, ಬಾಯೊಳಗೆ ನೀರು ತುಂಬಿದ ಬೊಬ್ಬೆಗಳು ಎದ್ದವು. ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಲು ಹೋದರೆ ಅಂಟಿನ ಜೊತೆ ಚರ್ಮವೂ ಕಿತ್ತು ಬಂತು. ಮೊದಲು ಸುಟ್ಟಿದೆಯೇನೋ ಎಂದರು, ಆಮೇಲೆ ಸೋಂಕು ಎಂದರು.

ಮಾವನ ವಿಷಯ ಇಲ್ಲಿ ಹೇಳಬೇಕು. ಮಾವ ಎಂದರೆ ನಮ್ಮಮ್ಮನ ಕೊನೆಯ ತಮ್ಮ. ಅಕ್ಕನನ್ನು ಕೊಟ್ಟಿದ್ದು ಅವನಿಗೇ. ಮದುವೆಯಾದ ಮೇಲೂ ನನ್ನ ಬಾಯಲ್ಲಿ ಅವನು ಮಾವನೇ, ಭಾವ ಎಂಬುದು ಬರಲೇ ಇಲ್ಲ. ಲಾರಿ ಓಡಿಸುತ್ತಿದ್ದ. ಲಾರಿ ಡ್ರೈವರ್ ಎಂದು ತಿಳಿದ ಕೂಡಲೇ ಆ ಆಸ್ಪತ್ರೆಯಲ್ಲಿ ಕೇಳುವವರ ದನಿಯೇ ಬೇರೆಯಾಯಿತು. ಗಂಡ ಹೆಂಡಿರಿಬ್ಬರಿಗೂ ಸಿಫಿಲಿಸ್ ಪರೀಕ್ಷೆ ಮಾಡಿಸಿದರು. ಪರೀಕ್ಷೆ ಮಾಡಿಸಿದ್ದು ತಪ್ಪಲ್ಲ. ಹಸುಗೂಸಿಗೆ ಬೊಬ್ಬೆ ಎದ್ದರೆ ವೈದ್ಯರು ಸಿಫಿಲಿಸ್, ಹರ್ಪಿಸ್, ಬ್ಯಾಕ್ಟೀರಿಯಾ ಎಲ್ಲವನ್ನೂ ನೋಡಲೇಬೇಕು. ಆದರೆ ಅದನ್ನು ವಾರ್ಡಿನ ನಡುವೆ, ಬೇರೆ ಬಾಣಂತಿಯರ ಎದುರಿಗೆ ಗಟ್ಟಿಯಾಗಿ ಕೇಳಬಾರದಿತ್ತು. ರಕ್ತದಲ್ಲಿ ಏನೂ ಇಲ್ಲ ಎಂದು ಬಂತು. ಮಾತು ಮಾತ್ರ ನಮಗಿಂತ ಮೊದಲೇ ಊರು ಸೇರಿತ್ತು.

ಕೂಸನ್ನು ಮನೆಗೆ ತಂದೆವು. ನಮ್ಮಜ್ಜಿ ಊರಿನ ಅರ್ಧ ಮಕ್ಕಳಿಗೆ ಎರೆದವಳು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ಕೈಕಾಲು ನೀವಿ ಹಂಡೆಯ ನೀರು ಹೊಯ್ದಳೆಂದರೆ ಎಂಥ ಹಟದ ಕೂಸೂ ನಿದ್ದೆ ಹೋಗುತ್ತಿತ್ತು. ಆವತ್ತು ಕಾಲಿನ ಗಾಯಕ್ಕೆ ನೀರು ತಾಗದಂತೆ ಬಟ್ಟೆ ಸುತ್ತಿ, ಬೆನ್ನಿಗೆ ಎಣ್ಣೆ ಹಚ್ಚಿ, ಅಂಗೈಯಿಂದ ಮೇಲಿಂದ ಕೆಳಗೆ ಒಂದೇ ಸಲ ನೀವಿದಳು. ಭುಜದ ಹತ್ತಿರ ಚರ್ಮ ಸುಕ್ಕಾಗಿ ಒಂದು ಮಗ್ಗುಲಿಗೆ ಸರಿಯಿತು. ಅಜ್ಜಿ ಕೈ ಎತ್ತಿ ನೋಡಿಕೊಂಡಳು. ಅಂಗೈಗೆ ತೆಳ್ಳಗೆ ಅಂಟಿಕೊಂಡಿತ್ತು. "ನಾನೇನೂ ಮಾಡ್ಲಿಲ್ಲ ಕಣೇ, ಮುಟ್ಟಿದ್ದಷ್ಟೇ ಕಣೇ" ಎಂದು ಅಮ್ಮನನ್ನು ಕೂಗಿದಳು. ಆಮೇಲೆ ಅವಳು ಯಾರ ಮನೆಯ ಕೂಸಿಗೂ ಎರೆಯಲಿಲ್ಲ.

ಮಾತುಗಳು ಶುರುವಾದವು. ನಾಗದೋಷ ಎಂದರು, ಮಾವ ಹೊಲದಲ್ಲಿ ಹಾವು ಹೊಡೆದಿದ್ದ ಎಂದು ಯಾರೋ ನೆನಪು ಮಾಡಿಕೊಂಡರು. ಸರ್ಪಸುತ್ತು ಎಂದು ಒಬ್ಬರು ಕೆಮ್ಮಣ್ಣು ಕಲಸಿ ತಂದರು. ಬಸುರಿನಲ್ಲಿ ಗ್ರಹಣ ನೋಡಿದ್ದಾಳೆ ಎಂದರು. ಯಾವ ದಾರಿಯಲ್ಲಿ ಹೊರಟ ಮಾತಾದರೂ ಕೊನೆಗೆ ಅಕ್ಕನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಅವಳು ಎತ್ತಿಕೊಂಡರೆ ಕೂಸಿನ ಕಂಕುಳಲ್ಲಿ ಬೊಬ್ಬೆ, ಹಾಲು ಕುಡಿಸಿದರೆ ತುಟಿಯಲ್ಲಿ ಬೊಬ್ಬೆ. ತಾಯಿ ಕೈಯೇ ಆಗದು ಎಂದು ಹೇಳಿದವರೂ ಇದ್ದರು.

ಹೊಸೂರಿನಲ್ಲಿ ಒಬ್ಬ ಚರ್ಮದ ಡಾಕ್ಟರ್ ಇದ್ದಾರೆ, ನೋಡಿಸಿ ಎಂದು ಹೇಳಿದ್ದು ನಮ್ಮೂರಿಗೆ ಬರುತ್ತಿದ್ದ ನರ್ಸಮ್ಮ. ಆ ಡಾಕ್ಟರಮ್ಮ ಕೂಸನ್ನು ಎತ್ತಿಕೊಳ್ಳಲಿಲ್ಲ. ಮೇಜಿನ ಮೇಲೆ ಹತ್ತಿ ಹಾಸಿ, ಅದರ ಮೇಲೆ ಮಲಗಿಸಿ ಎಂದರು. ಉಗುರು ನೋಡಿದರು, ಬಾಯಿ ನೋಡಿದರು, ಮಾಸಿದ ಗಾಯದ ಮೇಲೆ ಎದ್ದಿದ್ದ ಸಣ್ಣ ಬಿಳಿ ಚುಕ್ಕೆಗಳನ್ನು ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಒಂದೇ ಪ್ರಶ್ನೆ: "ನೀವಿಬ್ರೂ ಮೊದಲೇ ಸಂಬಂಧವೇನಮ್ಮಾ?"

"ಸೋದರಮಾವ, ಮೇಡಂ."

"ಇದು ಸೋಂಕಲ್ಲಮ್ಮ. ಯಾರಿಂದ್ಲೂ ಅಂಟಿಲ್ಲ, ಯಾರಿಗೂ ಅಂಟಲ್ಲ. ಎಪಿಡರ್ಮೊಲೈಸಿಸ್ ಬುಲ್ಲೋಸಾ ಅಂತ. ಯಾವ ಬಗೆ ಅಂತ ಬರೀ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಬೆಂಗಳೂರಲ್ಲಿ ಪರೀಕ್ಷೆ ಮಾಡಿಸ್ಬೇಕು."

ಚೀಟಿ ಬರೆಯುವ ಮೊದಲು ಅವರು ಎತ್ತುವುದನ್ನು ಕಲಿಸಿದರು. ಕಂಕುಳಿಗೆ ಕೈ ಹಾಕಬಾರದು. ಕೂಸನ್ನು ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ, ಕುಂಡೆಯ ಕೆಳಗೆ ಒಂದು ಕೈ, ಕತ್ತಿನ ಹಿಂದೆ ಒಂದು ಕೈ ಇಟ್ಟು ಬಟ್ಟೆಯ ಸಮೇತ ಎತ್ತಬೇಕು. ಒತ್ತಿದರೆ ಚರ್ಮ ತಡೆಯುತ್ತದೆ, ಉಜ್ಜಿದರೆ ತಡೆಯುವುದಿಲ್ಲ. ಅಂಗಿಯನ್ನು ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ ಹಾಕಬೇಕು. ಬೊಬ್ಬೆ ಎದ್ದರೆ ಬಿಡಬಾರದು, ಬಿಟ್ಟರೆ ಹರಡುತ್ತದೆ. ಶುದ್ಧ ಸೂಜಿಯಿಂದ ತಗ್ಗಿನ ಕಡೆ ಚುಚ್ಚಿ ನೀರು ಬಿಟ್ಟು, ಮೇಲಿನ ಸಿಪ್ಪೆಯನ್ನು ಹಾಗೇ ಉಳಿಸಬೇಕು. ಅಕ್ಕನ ಕೈಗೆ ಸೂಜಿ ಕೊಟ್ಟು ಅಲ್ಲೇ ಒಂದು ಬೊಬ್ಬೆ ಚುಚ್ಚಿಸಿದರು. ಅವಳ ಕೈ ನಡುಗಿತು, ಆದರೆ ಚುಚ್ಚಿದಳು. ಕೂಸು ಹುಟ್ಟಿದ ಮೇಲೆ ಅದಕ್ಕೆ ಏನಾದರೂ ಮಾಡಲು ಅವಳಿಗೆ ಸಾಧ್ಯವಾದದ್ದು ಅದೇ ಮೊದಲು.

ಬಗೆ ತಿಳಿಯುವುದು ಯಾಕೆ ಅಷ್ಟು ಮುಖ್ಯ ಎಂದು ನೀವು ಕೇಳಬಹುದು. ವಾಸಿ ಮಾಡುವ ಔಷಧ ಇಲ್ಲದಿದ್ದಾಗ ಯಾವ ಬಗೆಯಾದರೇನು ಎಂದು ನಮ್ಮ ಮನೆಯಲ್ಲೂ ಕೇಳಿದ್ದರು. ಈ ಕಾಯಿಲೆಯಲ್ಲಿ ದೊಡ್ಡ ಬಗೆಗಳು ನಾಲ್ಕು, ಒಳಬಗೆಗಳು ಮೂವತ್ತಕ್ಕೂ ಹೆಚ್ಚು. ಒಂದು ಬಗೆಯಲ್ಲಿ ಮಗು ಬೆಳೆದಂತೆ ಬೊಬ್ಬೆ ಕಡಿಮೆಯಾಗಿ ಬದುಕು ಹೆಚ್ಚುಕಡಿಮೆ ಸಲೀಸಾಗುತ್ತದೆ. ಇನ್ನೊಂದರ ತೀವ್ರ ರೂಪದಲ್ಲಿ ಹೆಚ್ಚಿನ ಕೂಸುಗಳು ಎರಡು ವರ್ಷ ದಾಟುವುದಿಲ್ಲ. ಮತ್ತೊಂದರಲ್ಲಿ ಮಗು ಬದುಕುತ್ತದೆ, ಆದರೆ ಬೆರಳುಗಳು ಕೂಡಿಕೊಳ್ಳುತ್ತವೆ, ಅನ್ನನಾಳ ಕಿರಿದಾಗುತ್ತದೆ, ಹರೆಯಕ್ಕೇ ಚರ್ಮದ ಕ್ಯಾನ್ಸರ್ ಕಾಯುತ್ತಿರುತ್ತದೆ. ಮೊದಲ ವಾರಗಳಲ್ಲಿ ಈ ಎಲ್ಲ ಕೂಸುಗಳೂ ಒಂದೇ ಥರ ಕಾಣುತ್ತವೆ, ಪಳಗಿದ ಕಣ್ಣಿಗೂ. ಯಾವುದಕ್ಕೆ ಸಿದ್ಧವಾಗಬೇಕು ಎಂದು ತಾಯಿಗೆ ತಿಳಿಯದಿದ್ದರೆ ಅವಳು ಎಲ್ಲದಕ್ಕೂ ಹೆದರುತ್ತಾಳೆ. ನನ್ನ ಮಟ್ಟಿಗೆ, ಔಷಧವಿಲ್ಲದ ಕಾಯಿಲೆಗೆ ಸರಿಯಾದ ರೋಗಪತ್ತೆಯೇ ಮೊದಲ ಔಷಧ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿದ ದಿನ ನಾನಿದ್ದೆ. ಡಾಕ್ಟರ್ ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರಿನಂಥದ್ದೇ ಒಂದು ತುಂಡು ತೆಗೆದಾಗ ನನಗೆ ಅರ್ಥವಾಗಲಿಲ್ಲ. ಹಳೆಯ ಬೊಬ್ಬೆಯ ತುಣುಕು ತೆಗೆದರೆ ಅದು ಆಗಲೇ ಮಾಯಲು ಶುರುವಾಗಿ ದಾರಿ ತಪ್ಪಿಸುತ್ತದೆ. ಆದ್ದರಿಂದ ಚೆನ್ನಾಗಿರುವ ಚರ್ಮವನ್ನು ರಬ್ಬರಿನಿಂದ ಮೆಲ್ಲಗೆ ತಿರುಚಿ ಉಜ್ಜಿ, ಆಗಷ್ಟೇ ಬಿಟ್ಟುಕೊಂಡ ಜಾಗದಿಂದ ತೆಗೆಯಬೇಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತೊಡೆಯಿಂದ ಕೆಲವೇ ಮಿಲಿಮೀಟರಿನ ತುಣುಕು ತೆಗೆದರು. ಒಂದು ಭಾಗ ಮಿಶೆಲ್ಸ್ ಮೀಡಿಯಂ ಎಂಬ ದ್ರವಕ್ಕೆ, ಒಂದು ಭಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ.

ಆಮೇಲೆ ಒಂದು ದಿನ ಕತ್ತಲೆ ಕೋಣೆಯಲ್ಲಿ ನನಗೂ ತೋರಿಸಿದರು. ಚರ್ಮದ ಒಂದೊಂದು ಪದರದ ಪ್ರೋಟೀನಿಗೂ ಅಂಟುವ ಹೊಳೆಯುವ ಬಣ್ಣಗಳಿವೆ. ಬೊಬ್ಬೆಯ ಒಳಗೆ ಹೊಳೆಯುವ ಹಸಿರು ಗೆರೆ ನೆಲದ ಕಡೆ ಉಳಿದಿದ್ದರೆ ಚರ್ಮ ಮೇಲುಗಡೆ ಬಿರಿದಿದೆ ಎಂದರ್ಥ. ಚಾವಣಿಯ ಕಡೆ ಹೋಗಿದ್ದರೆ ಕೆಳಗಡೆ ಬಿರಿದಿದೆ. ನಮ್ಮ ಕೂಸಿನದು ಚಾವಣಿಯಲ್ಲಿತ್ತು. ಮುಂದಿನ ಗಾಜಿನಲ್ಲಿ ಏಳನೆಯ ಬಗೆಯ ಕೊಲ್ಯಾಜನ್ ಹುಡುಕುವ ಬಣ್ಣ. ಪಕ್ಕಕ್ಕಿಟ್ಟಿದ್ದ ಆರೋಗ್ಯವಂತರ ಚರ್ಮದಲ್ಲಿ ಗೆರೆ ಫಳಫಳ ಹೊಳೆಯುತ್ತಿತ್ತು. ಕೂಸಿನದರಲ್ಲಿ ಕತ್ತಲೆ.

"ಎರಡು ಪದರ ಸೇರಿಸಿ ಹೊಲಿದ ಕೌದಿ ಇರುತ್ತಲ್ಲ, ಇವನಿಗೆ ಆ ದಾರಾನೇ ಇಲ್ಲ" ಎಂದರು ಡಾಕ್ಟರ್. ರೆಸೆಸಿವ್ ಡಿಸ್ಟ್ರೋಫಿಕ್ ಎಂಬ ಬಗೆ. ಬದುಕುವ ಬಗೆ, ಕಷ್ಟದ ಬಗೆ.

ಹೈನ್ರಿಶ್ ಕೋಬ್ನರ್ ಎಂಬ ಜರ್ಮನ್ ವೈದ್ಯ ಈ ಕಾಯಿಲೆಗೆ ಹೆಸರಿಟ್ಟದ್ದು 1886ರಲ್ಲಿ. ಪದರ ಹುಡುಕುವ ಈ ಹೊಳೆಯುವ ಪರೀಕ್ಷೆ ಬಂದದ್ದು 1981ರಲ್ಲಿ. ನಡುವಿನ ಬಹುಪಾಲು ವರ್ಷ ತಾಯಂದಿರಿಗೆ ಸಿಕ್ಕಿದ್ದು ಹೆಚ್ಚಾಗಿ ಊಹೆಯೇ. ಇಂಗ್ಲೆಂಡಿನ ಫಿಲಿಸ್ ಹಿಲ್ಟನ್ ಎಂಬ ತಾಯಿಯ ಕಥೆಯನ್ನು ಆಮೇಲೆ ಓದಿದೆ. ಮಗಳು ಡೆಬ್ರಾಗೆ ಇದೇ ಕಾಯಿಲೆ. ಏನೂ ಮಾಡಲಾಗದು ಎಂದು ಹೇಳಿದವರ ಮಾತು ಕೇಳದೆ, ತಾನೇ ಆರೈಕೆಯ ದಾರಿ ಹುಡುಕಿಕೊಂಡು, 1978ರಲ್ಲಿ ಮಗಳ ಹೆಸರಿನಲ್ಲಿ ಸಂಸ್ಥೆ ಕಟ್ಟಿದರು. ಇಂದು ಹಲವು ದೇಶಗಳಲ್ಲಿ ಡೆಬ್ರಾ ಇದೆ, ಭಾರತದಲ್ಲೂ ಇದೆ.

ಇನ್ನು ಜೀನ್. ಕೊಲ್ಯಾಜನ್ ಏಳರ ಜೀನ್ ಮೂರನೆಯ ವರ್ಣತಂತುವಿನಲ್ಲಿದೆ, ಅದರಲ್ಲಿ 118 ತುಂಡುಗಳು. ಯಾವುದರಲ್ಲಿ ತಪ್ಪಿದೆ ಎಂದು ಓದಬೇಕು. ರಕ್ತ ಕೊಟ್ಟೆವು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಹೊಸೂರಿನಿಂದ ಬೆಂಗಳೂರಿಗೆ ಹೋಗುವಾಗ ನಾವೆಲ್ಲ ಹಾಯುವ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆ ಅದನ್ನೂ ವಿಶೇಷ ಕೇಂದ್ರವಾಗಿ ಹೆಸರಿಸಿದ್ದಾರೆ. ಕಾರ್ಖಾನೆ ಕೆಲಸಕ್ಕೆ ಆ ದಾರಿಯಲ್ಲಿ ದಿನಾ ಓಡಾಡುವ ನಮ್ಮ ಹುಡುಗರಿಗೂ ಅದು ಗೊತ್ತಿಲ್ಲ. ಗೊತ್ತಿರಬೇಕು.

ವರದಿ ಬಂದಾಗ ಅಕ್ಕ, ಮಾವ, ಅಮ್ಮ, ಅಜ್ಜಿ ಎಲ್ಲರನ್ನೂ ಕೂರಿಸಿ ವಿವರಿಸಿದರು. ಅಕ್ಕನಲ್ಲಿ ಆ ಜೀನಿನ ಒಂದು ಕೆಟ್ಟ ಪ್ರತಿ, ಮಾವನಲ್ಲಿ ಅದೇ ಕೆಟ್ಟ ಪ್ರತಿ. ಒಂದೊಂದೇ ಇದ್ದಾಗ ಏನೂ ಆಗುವುದಿಲ್ಲ. ಎರಡೂ ಒಂದೇ ಮಗುವಿಗೆ ಬಂದರೆ ಕಾಯಿಲೆ. ನಾಲ್ಕರಲ್ಲಿ ಒಂದು ಪಾಲು.

ಮಾವನ ಮುಖ ಅರಳಿತು. "ಹಂಗಾದ್ರೆ ಒಂದು ಆಗೋಯ್ತಲ್ಲ. ಇನ್ನು ಮೂರು ಚೆನ್ನಾಗಿರ್ತವೆ."

ಸಲಹೆ ಹೇಳುತ್ತಿದ್ದ ಹೆಣ್ಣುಮಗಳು ನಗಲಿಲ್ಲ. ಅವನ ಕೈಗೊಂದು, ಅಕ್ಕನ ಕೈಗೊಂದು ರೂಪಾಯಿ ನಾಣ್ಯ ಕೊಟ್ಟು ಒಟ್ಟಿಗೆ ಚಿಮ್ಮಿ ಎಂದರು. ಎರಡೂ ಸಿಂಹ ಬಿದ್ದರೆ ಕಾಯಿಲೆ. ಚಿಮ್ಮುತ್ತಾ ಹೋದರು. ಒಮ್ಮೆ ಎರಡು ಸಿಂಹ ಬಿದ್ದ ಮರುಸಲವೇ ಮತ್ತೆ ಎರಡು ಸಿಂಹ ಬಿದ್ದವು. ಮಾವ ನಾಣ್ಯ ಕೆಳಗಿಟ್ಟ. ಪ್ರತಿ ಬಸುರಿಗೂ ಲೆಕ್ಕ ಹೊಸದು.

ಸಂಬಂಧದಲ್ಲಿ ಮದುವೆ ನಮ್ಮ ಸೀಮೆಗೆ ಹೊಸದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು 28, ಕರ್ನಾಟಕದಲ್ಲಿ ಸುಮಾರು 27 ಹೆಂಗಸರು ರಕ್ತಸಂಬಂಧದಲ್ಲೇ ಮದುವೆಯಾದವರು. ಹೊಲ ಮನೆ ಹೊರಗೆ ಹೋಗದಿರಲಿ, ಹುಡುಗಿ ಕಣ್ಣೆದುರೇ ಇರಲಿ ಎಂಬ ಆಸೆಯನ್ನು ನಾನು ಹಳಿಯುವುದಿಲ್ಲ. ಇಂಥ ಅಡಗಿದ ದೋಷ ಒಂದೆರಡಾದರೂ ಎಲ್ಲರಲ್ಲೂ ಇರುತ್ತವೆ. ಹೊರಗಿನವರನ್ನು ಮದುವೆಯಾದರೆ ಅವು ಸಂಧಿಸುವುದು ಅಪರೂಪ, ಮನೆಯೊಳಗೇ ಆದರೆ ಸುಲಭ. ಸೋದರಮಾವ ಮತ್ತು ಸೊಸೆಯ ನಡುವೆ ಜೀನುಗಳಲ್ಲಿ ಕಾಲು ಭಾಗ ಒಂದೇ. ಇಷ್ಟನ್ನು ಮಾತುಕತೆಯ ದಿನವೇ ತಿಳಿದವರೊಬ್ಬರು ಹೇಳಬೇಕು, ಅಷ್ಟೇ ನನ್ನ ಆಸೆ.

ಎಲ್ಲ ಮುಗಿದ ಮೇಲೆ ಅಜ್ಜಿ ಕೇಳಿದಳು. "ಮಗಳಿಗೂ ಮಗನಿಗೂ ನನ್ನಿಂದ ಬಂತೋ, ನಮ್ಮೆಜಮಾನ್ರಿಂದ ಬಂತೋ?"

ಅಜ್ಜ ತೀರಿಕೊಂಡು ಬಹಳ ಕಾಲವಾಗಿತ್ತು. ಆ ಹೆಣ್ಣುಮಗಳು ಉತ್ತರಿಸುವ ಮುಂಚೆ ಸ್ವಲ್ಪ ಯೋಚಿಸಿದರು. "ನಿಮ್ಮ ರಕ್ತ ನೋಡಿದ್ರೆ ಗೊತ್ತಾಗತ್ತೆ ಅಜ್ಜಿ."

ಅಜ್ಜಿ ಸೆರಗು ಸರಿಸಿ ತೋಳು ಚಾಚಿದಳು. ಅಕ್ಕ ಆ ತೋಳನ್ನು ಹಿಡಿದು ಮಡಿಲಿಗಿಟ್ಟುಕೊಂಡಳು. "ಬೇಡ ಮೇಡಂ. ನಂದು, ಇವರದು ಗೊತ್ತಾಯ್ತಲ್ಲ, ಮುಂದಿನ ಕೂಸಿಗೆ ಅಷ್ಟು ಸಾಕು ಅಂತ ನೀವೇ ಹೇಳಿದ್ರಿ. ಇದನ್ನ ತಿಳ್ಕೊಂಡು ಯಾರಿಗೇನಾಗ್ಬೇಕು?" ಅಕ್ಕ ಓದಿದ್ದು ಎಂಟನೆಯ ಕ್ಲಾಸು. ಯಾವುದನ್ನು ತಿಳಿಯಬೇಕು, ಯಾವುದನ್ನು ಬಿಡಬೇಕು ಎಂದು ಅಷ್ಟು ಸ್ಪಷ್ಟವಾಗಿ ಕಂಡವರನ್ನು ನಾನು ಬೇರೆ ನೋಡಿಲ್ಲ. ಅಜ್ಜಿ ತೀರಿಕೊಳ್ಳುವವರೆಗೂ ಆ ಪರೀಕ್ಷೆ ಆಗಲಿಲ್ಲ.

ಎರಡನೆಯ ಬಸುರಿನಲ್ಲಿ ಮೂರನೆಯ ತಿಂಗಳಿಗೇ ಮಾಸಿನ ಒಂದು ಚೂರು ತೆಗೆದು ಪರೀಕ್ಷಿಸಿದರು. ಯಾವ ಜೀನಿನ ಯಾವ ಜಾಗ ಎಂದು ಮೊದಲೇ ಗೊತ್ತಿದ್ದುದರಿಂದಲೇ ಅದು ಸಾಧ್ಯವಾಯಿತು. ಫಲಿತಾಂಶ ಬರುವವರೆಗಿನ ದಿನಗಳ ಬಗ್ಗೆ ಅಕ್ಕ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಕೂಸು ಚೆನ್ನಾಗಿದೆ ಎಂದು ಬಂತು. ಹೆಣ್ಣುಮಗು, ಈಗ ಅಣ್ಣನ ಗಾಯ ಕಟ್ಟುವುದಕ್ಕೆ ಜೊತೆ ನಿಲ್ಲುತ್ತಾಳೆ.

ಅವನಿಗೆ ಈಗ ಬುದ್ಧಿ ಚುರುಕು, ಮೈ ಸಣ್ಣ. ಬೆರಳು ಕೂಡಿಕೊಳ್ಳದಂತೆ ರಾತ್ರಿ ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ ಸುತ್ತುತ್ತಾರೆ. ಅಂಟದ ಬ್ಯಾಂಡೇಜಿಗೆ ದುಡ್ಡು ಸಾಲದ ತಿಂಗಳು ಎಳೆಯ ಬಾಳೆಎಲೆಯನ್ನು ಆವಿಯಲ್ಲಿ ಬೇಯಿಸಿ, ಆರಿಸಿ, ಗಾಯದ ಮೇಲೆ ಹಾಕುತ್ತಾಳೆ ಅಕ್ಕ. ಇದು ಬರೀ ಮನೆಮದ್ದಲ್ಲ. ಮುಂಬೈನ ವೈದ್ಯರು ಸುಟ್ಟ ಗಾಯಗಳಿಗೆ ಬಾಳೆಎಲೆ ಹಾಕಿ ನೋಡಿ 2003ರಲ್ಲಿ ಪ್ರಕಟಿಸಿದ್ದಾರೆ. ಅಂಟುವುದಿಲ್ಲ, ತೆಗೆಯುವಾಗ ನೋಯುವುದಿಲ್ಲ. ನಿಪ್ಪಟ್ಟು, ಚಕ್ಕುಲಿ ಅವನಿಗೆ ಆಗದು, ಗಂಟಲು ಗೀರುತ್ತದೆ. ಅಂಬಲಿ, ಮೆತ್ತಗಿನ ಅನ್ನ, ಮಾವಿನ ರಸ.

2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ವೈಜುವೆಕ್ ಎಂಬ ಜೆಲ್‌ಗೆ ಒಪ್ಪಿಗೆ ಸಿಕ್ಕಿತು. ದುರ್ಬಲಗೊಳಿಸಿದ ಹರ್ಪಿಸ್ ವೈರಸ್ಸಿನೊಳಗೆ ಕೊಲ್ಯಾಜನ್ ಏಳರ ಸರಿಯಾದ ಜೀನ್ ಇಟ್ಟು ವಾರಕ್ಕೊಮ್ಮೆ ಗಾಯಕ್ಕೆ ಹನಿಸುವುದು. ಗಾಯ ಮುಚ್ಚುತ್ತದೆ. ಡಿಸ್ಟ್ರೋಫಿಕ್ ಬಗೆಯವರಿಗೆ ಮಾತ್ರ, ಅಂದರೆ ಇವನ ಬಗೆಗೆ. ಬೆಲೆ ನಮ್ಮಂಥವರು ಬಾಯಲ್ಲಿ ಹೇಳುವಂಥದ್ದಲ್ಲ. ಆದರೂ ಮಾವ ಮಗನ ಜೀನ್ ವರದಿಯ ನಕಲುಗಳನ್ನು ಪ್ಲಾಸ್ಟಿಕ್ಕಿನಲ್ಲಿಟ್ಟು ಲಾರಿಯಲ್ಲೊಂದು, ಪೆಟ್ಟಿಗೆಯಲ್ಲೊಂದು ಇಟ್ಟಿದ್ದಾನೆ. ಆ ಜೆಲ್ ಇಲ್ಲಿಗೆ ಬಂದ ದಿನ ಯಾವ ಬಗೆ ಎಂದು ಹುಡುಕುತ್ತಾ ಕೂರಬೇಕಾಗಿಲ್ಲ.

ಬರುವ ತಿಂಗಳು ಅವನ ಅನ್ನನಾಳ ಹಿಗ್ಗಿಸಲು ಬೆಂಗಳೂರಿಗೆ ಹೋಗಬೇಕು. ಅರಿವಳಿಕೆ ಕೊಡುವ ಡಾಕ್ಟರಿಗೆಂದು ಅಕ್ಕ ಒಂದು ಹಾಳೆ ಬರೆದಿಟ್ಟಿದ್ದಾಳೆ. ಅದನ್ನು ನೋಡಿ ಇಂಗ್ಲಿಷಿನಲ್ಲಿ ಟೈಪ್ ಮಾಡುವ ಕೆಲಸ ನನ್ನದು. ಮುಖಕ್ಕೆ ಇಡುವ ಮಾಸ್ಕಿನ ಅಂಚಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿ. ಬಿಪಿ ಪಟ್ಟಿಯ ಕೆಳಗೆ ಹತ್ತಿ ಸುತ್ತಿ. ಮೇಜಿನಿಂದ ಮೇಜಿಗೆ ಜಾರಿಸಬೇಡಿ, ಅವನೇ ಎದ್ದು ಮಲಗುತ್ತಾನೆ. ನಿದ್ದೆ ಬಂದ ಮೇಲೆ ಎತ್ತಬೇಕಾದರೆ ನನ್ನನ್ನು ಕರೆಯಿರಿ.