ವಾಗ್ದಾನದ ಚೀಟಿ

ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಆರಾಧನೆ ಮುಗಿದು ಹನ್ನೆರಡು ಹೊಡೆದ ಮೇಲೆ, ಕೈಕುಲುಕುವುದಕ್ಕೂ ಮೊದಲು ಜನ ಹುಡುಕುವುದು ತಟ್ಟೆಯನ್ನು. ಅದರ ತುಂಬ ವಾಗ್ದಾನದ ಕಾರ್ಡುಗಳನ್ನು ಬೋರಲು ಹಾಕಿಟ್ಟಿರುತ್ತಾರೆ. ಇಸ್ಪೀಟೆಲೆಗಿಂತ ತುಸು ಚಿಕ್ಕವು. ಒಂದು ಬದಿಗೆ ಜಲಪಾತವೋ, ಧಾರವಾಡದಲ್ಲಿ ಯಾರೂ ಕಾಣದ ಹಿಮದ ಬೆಟ್ಟವೋ ಇರುತ್ತದೆ. ಇನ್ನೊಂದು ಬದಿಗೆ ಬೈಬಲಿನ ಒಂದು ವಚನ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು, ಅದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಕಣ್ಣು ಮುಚ್ಚುವುದು ಹೆಸರಿಗೆ ಮಾತ್ರ. ಈ ಲೇಖಕಿ ಚಿಕ್ಕವಳಿದ್ದಾಗ ಅಡಿಯಿಂದ ಎಳೆಯುತ್ತಿದ್ದಳು. ಮೇಲಿನವಕ್ಕೆ ಊರಿನವರದೆಲ್ಲ ಕೈ ತಾಗಿರುತ್ತದೆ ಎಂಬುದು ಅವಳ ಲೆಕ್ಕ. ಬಂದದ್ದು ರುಚಿಸದೆ ಮೆಲ್ಲಗೆ ಮತ್ತೊಂದನ್ನು ಎತ್ತುವ ಹಿರಿಯರೂ ಇದ್ದರು.

ಎಲ್ಲರಿಗೂ ಬೇಕಾದ ಕಾರ್ಡು ಯೆರೆಮೀಯ 29:11. ದೇವರು ನಿಮಗೆ ಕೇಡು ಬಗೆದಿಲ್ಲ, ಮುಂದೆ ಒಳ್ಳೆಯದಿದೆ ಎಂಬ ಭರವಸೆಯ ವಚನ ಅದು. ಅದರ ಹಿಂದಿನ ವಚನವನ್ನು ಕಾರ್ಡಿನವರು ಅಚ್ಚು ಹಾಕುವುದಿಲ್ಲ. ಈ ವಚನಗಳು ಬರುವುದು ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದದಲ್ಲಿ. ಊರಿಗೆ ಮರಳಲು 70 ವರ್ಷ ಬೇಕು, ಅಲ್ಲಿಯತನಕ ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ ಎನ್ನುತ್ತದೆ ಅದು. ಆ ಕಾಗದ ಓದಿಸಿ ಕೇಳಿದ ನಡುವಯಸ್ಸಿನವರಲ್ಲಿ ಊರಿನ ಮಣ್ಣು ಮತ್ತೆ ಮೆಟ್ಟಿದವರು ಇರಲಿಕ್ಕಿಲ್ಲ. ಮಾತು ಸುಳ್ಳಾಗಲಿಲ್ಲ, ಆದರೆ ಮಿಕ್ಸರಿಗೆ ಕೊಡುವಂಥ ಒಂದು ವರ್ಷದ ಗ್ಯಾರಂಟಿಯೂ ಅದಾಗಿರಲಿಲ್ಲ.

ದಿನಕ್ಕೊಂದು ವಚನ ಹಿಡಿದು ಬದುಕುವ ರೂಢಿಗೆ ಜರ್ಮನಿಯಲ್ಲೊಂದು ತವರೂರಿದೆ: ಸ್ಯಾಕ್ಸನಿಯ ಹೆರ್ನ್‌ಹೂಟ್. ಮತದ ಕಾರಣಕ್ಕೆ ಊರು ಬಿಟ್ಟು ಓಡಿಬಂದ ಮೊರೇವಿಯದ ಜನ 1722ರಲ್ಲಿ ಕೌಂಟ್ ಜಿನ್‌ಜೆಂಡಾರ್ಫನ ಜಮೀನಿನಲ್ಲಿ ಕಟ್ಟಿಕೊಂಡ ಊರು. 1728ರ ಮೇ 3ರ ಸಂಜೆ ಆತ ಮರುದಿನಕ್ಕೆಂದು ಒಂದು ವಚನ ಕೊಟ್ಟ. ಮುಂದೆ ಬೆಳಗಾದರೆ ಯಾರಾದರೊಬ್ಬರು ಮನೆಮನೆಗೆ ಹೋಗಿ ಆ ದಿನದ ವಚನ ಹೇಳಿ ಬರುವುದು ಅಭ್ಯಾಸವಾಯಿತು. ಯಾರು ಹೇಗಿದ್ದಾರೆಂದು ವಿಚಾರಿಸಿದಂತೆಯೂ ಆಗುತ್ತಿತ್ತು. 1731ರಿಂದ ಅದು ಪುಸ್ತಕವಾಗಿ ವರ್ಷ ತಪ್ಪದೆ ಬರುತ್ತಿದೆ. ಇವತ್ತಿಗೂ ಹಳೆಯ ಒಡಂಬಡಿಕೆಯ ವಚನಗಳನ್ನು ಹೆರ್ನ್‌ಹೂಟಿನಲ್ಲಿ ಚೀಟಿ ಎತ್ತಿಯೇ ಆರಿಸುತ್ತಾರೆ. ಇಂಥದೇ ಭಕ್ತಿಯ ನೆಲದಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿತು. 1834ರಲ್ಲಿ ಅದರ ಮೂವರು ಮಿಶನರಿಗಳು ಆ ಭಕ್ತಿಯನ್ನು ಹೊತ್ತು ಮಂಗಳೂರಿಗೆ ಬಂದಿಳಿದರು.

ಚೀಟಿಯ ಹುಚ್ಚು ಅತಿಗೆ ಹೋದದ್ದೂ ಉಂಟು. ಮೊರೇವಿಯದವರಲ್ಲಿ ಮದುವೆಗೂ ಚೀಟಿಯೇ ಒಪ್ಪಿಗೆ ಕೊಡಬೇಕಿತ್ತು. 1818ರಲ್ಲಿ ಸಭೆ ಸೇರಿ ಆ ಕಟ್ಟಳೆಯನ್ನು ಸಡಿಲಿಸಿದರು. ಅವರ ಒಡನಾಟಕ್ಕೆ ಬಿದ್ದ ಇಂಗ್ಲಿಷ್ ಪಾದ್ರಿ ಜಾನ್ ವೆಸ್ಲಿ ಅಮೆರಿಕದ ಜಾರ್ಜಿಯದಲ್ಲಿ ಸೋಫಿಯಾ ಹಾಪ್ಕಿಯನ್ನು ಮದುವೆಯಾಗಲೋ ಬೇಡವೋ ಎಂದು 1737ರಲ್ಲಿ ಮೂರು ಚೀಟಿ ಬರೆದಿಟ್ಟ. ಆಗು, ಈ ವರ್ಷ ಬೇಡ, ಆ ಮಾತೇ ಬಿಡು. ಬಂದದ್ದು ಮೂರನೆಯದು. ಕೆಲವೇ ದಿನಗಳಲ್ಲಿ ಆಕೆ ಬೇರೊಬ್ಬನನ್ನು ಮದುವೆಯಾದಳು. ವೆಸ್ಲಿ ಮಾತ್ರ ಬಹಳ ಕಾಲ ಒಳಗೊಳಗೇ ಕುದಿದ.

ವೆಸ್ಲಿಯನ್ನು ಅಲುಗಾಡಿಸಿದ್ದು ಚೀಟಿಯಲ್ಲ, ಅದಕ್ಕೂ ಮೊದಲಿನ ಒಂದು ಬಿರುಗಾಳಿ. 1736ರ ಜನವರಿಯಲ್ಲಿ ಅಮೆರಿಕಕ್ಕೆ ಹೊರಟ ಹಡಗಿನಲ್ಲಿ ಮೊರೇವಿಯದವರು ಕೀರ್ತನೆ ಹಾಡುತ್ತಿದ್ದಾಗಲೇ ಅಲೆಯೊಂದು ಎರಗಿ ದೊಡ್ಡ ಹಾಯಿಯನ್ನು ಸೀಳಿತು, ನೀರು ಒಳಕ್ಕೆ ನುಗ್ಗಿತು. ಇಂಗ್ಲಿಷರು ಚೀರಾಡಿದರು. ಇವರು ಹಾಡು ನಿಲ್ಲಿಸಲಿಲ್ಲ. ಹೆದರಿಕೆ ಆಗಲಿಲ್ಲವೇ ಎಂದು ವೆಸ್ಲಿ ಕೇಳಿದರೆ, ನಮ್ಮ ಹೆಂಗಸರು ಮಕ್ಕಳಿಗೂ ಸಾವಿನ ಭಯವಿಲ್ಲ ಎಂಬರ್ಥದ ಉತ್ತರ ಬಂತು. ಪಾದ್ರಿಯಾಗಿದ್ದೂ ತನ್ನಲ್ಲಿ ಆ ನಿಶ್ಚಯವಿಲ್ಲವಲ್ಲ ಎಂಬ ಕೊರಗು ಅವನಿಗೆ ಹತ್ತಿಕೊಂಡಿತು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಲೂಥರನ ಬರಹವೊಂದನ್ನು ಓದುವುದನ್ನು ಕೇಳುತ್ತ ಆ ನಿಶ್ಚಯ ಅವನಿಗೆ ಸಿಕ್ಕಿತು. ಹಡಗಿನ ಆ ಮೊರೇವಿಯದವರಿಗೆ ಇದ್ದದ್ದು ಹಡಗು ಮುಳುಗುವುದಿಲ್ಲ ಎಂಬ ನಂಬಿಕೆಯಲ್ಲ. ಮುಳುಗಿದರೂ ಕೈಬಿಡದವನೊಬ್ಬನಿದ್ದಾನೆ ಎಂಬ ನಂಬಿಕೆ. ಕ್ರೈಸ್ತರು ಆಶೀರ್ವಾದವೆಂದು ಕರೆಯುವುದರ ತಿರುಳು ಇಷ್ಟೇ ಎಂದು ಲೇಖಕಿಗೆ ಅನ್ನಿಸುತ್ತದೆ.

ಹಿಟ್ಲರನನ್ನು ವಿರೋಧಿಸಿದ್ದ ಜರ್ಮನ್ ಪಾದ್ರಿ ಡೀಟ್ರಿಶ್ ಬಾನ್‌ಹೋಫರ್ 1939ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದ. ಅವನು ದಿನಾ ಓದುತ್ತಿದ್ದದ್ದು ಅದೇ ಹೆರ್ನ್‌ಹೂಟಿನ ಪುಸ್ತಕ. ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಬೈಬಲಿನಲ್ಲಿ ಪೌಲ ತಿಮೊಥೆಯನಿಗೆ ಹೇಳಿಕಳುಹಿಸಿದ ಮಾತು ಜೂನ್ 26ರಂದು ಕಣ್ಣಿಗೆ ಬಿದ್ದು, ದಿನವಿಡೀ ಬೆನ್ನು ಬಿಡಲಿಲ್ಲ. ಮುಂದಿನ ತಿಂಗಳು ಹಿಟ್ಲರನ ಜರ್ಮನಿಗೆ ಹಡಗು ಹತ್ತಿದ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಹಿಮದ ಬೆಟ್ಟದ ಚಿತ್ರಕ್ಕೆ ಒಗ್ಗುವ ಕಥೆಯಲ್ಲ ಇದು.

ಲೇಖಕಿಯ ಅಪ್ಪನಿಗೆ ಲಕ್ವ ಹೊಡೆದ ವರ್ಷ ಅಮ್ಮನಿಗೆ ಬಂದಿದ್ದದ್ದು ಒಂದನೆಯ ಕೀರ್ತನೆ, ನೀರಿನ ಕಾಲುವೆಯ ಬಳಿಯ ಮರ, ಕೈಹಾಕಿದ್ದೆಲ್ಲ ಕೂಡಿಬರುವ ವಚನ. ಆಸ್ಪತ್ರೆಯ ಜನರಲ್ ವಾರ್ಡಿಗೆ ಸಭೆಯ ಹೆಂಗಸರು ಪಾಳಿ ಹಾಕಿಕೊಂಡು ಗಂಜಿ, ಮೆತ್ತನ್ನ ತಂದರು. ರಾತ್ರಿ ಕೂತಿರಲು ಹುಡುಗರು ಬಂದರು. ಕಾರ್ಡಿನ ಮೇಲೆ ಅಮ್ಮ ಸಿಟ್ಟಾಗಲಿಲ್ಲ. ಒಂದು ಸಂಜೆ ಸಭೆಯ ಪಾದ್ರಿ ಅಯ್ಯನವರು ಬಂದು ಯಾವ ಕೀರ್ತನೆ ಓದಲಿ ಎಂದಾಗ, ಎಂಬತ್ತೆಂಟು ಎಂದಳು. ಅಯ್ಯನವರು ತಡವರಿಸಿದರು. 150 ಕೀರ್ತನೆಗಳಲ್ಲಿ ಎಲ್ಲಕ್ಕಿಂತ ಕಪ್ಪಾದದ್ದು ಅದು. ಸಮಾಧಾನದ ಒಂದು ಮಾತೂ ಬಾರದೆ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಓದಿದರು. ಅಪ್ಪ ಸೊಟ್ಟ ಬಾಯಿಯಲ್ಲೇ ಗಟ್ಟಿಯಾಗಿ ಆಮೆನ್ ಅಂದ.

ಪಕ್ಕದ ಕಾಟಿನವರು ನವಲಗುಂದದ ಕಡೆಯವರು. ಆ ಹೆಂಗಸು ಎದ್ದು ಬಂದು, "ನಮ್ಮ ಯಜಮಾನ್ರಿಗೂ ಒಂದೀಟು ಓದ್ರಿ" ಅಂದಳು. ಅಯ್ಯನವರು ಮತ್ತೆ ಅದೇ ಪುಟಕ್ಕೆ ಬೆರಳು ಹಾಕುವಷ್ಟರಲ್ಲಿ ಅಮ್ಮ ತಡೆದಳು.

"ಅವರಿಗೆ ಸಮಾಧಾನದ ಇಪ್ಪತ್ಮೂರು ಓದ್ರಿ ಅಯ್ಯನವರ, ಎಂಬತ್ತೆಂಟು ನಮಗಿರ್ಲಿ."