ಅಪ್ಪಯ್ಯನ ಟ್ರಂಕು

"ಅಲ್ಲ ಮಾರಾಯ, ನಾನು ಗ್ರಹಣದ ವಿಚಾರ ಓದಿದ್ದು ಒಂದೇ ಒಂದು ದಿನ. ಅವತ್ತಿನಿಂದ ಈ ಸ್ಲೇಟು ಯಾವ ರಾಶಿಯವರು ಏನು ದಾನ ಮಾಡಬೇಕು ಅಂತ ನನಗೇ ಪಾಠ ಹೇಳ್ತಾ ಇದೆಯಲ್ಲ!"

ಟ್ಯಾಬ್ಲೆಟ್ಟಿಗೆ ಅಪ್ಪಯ್ಯ ಇಟ್ಟ ಹೆಸರು ಸ್ಲೇಟು. ಸಾಗರದ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಅವರಿಗೆ ಈಗ ಎಂಬತ್ತೊಂದು. ಕಣ್ಣಿನ ಪೊರೆ ತೆಗೆಸಿದ ಮೇಲೂ ಪತ್ರಿಕೆಯ ಸಣ್ಣ ಅಕ್ಷರ ಕಾಣುವುದಿಲ್ಲ ಎಂದು ನಾನೇ ಅದನ್ನು ತಂದುಕೊಟ್ಟಿದ್ದೆ. ಅಕ್ಷರವೇನೋ ದೊಡ್ಡದಾಯಿತು. ಆದರೆ ಯಾವುದನ್ನು ಓದಬೇಕೆಂದು ತೀರ್ಮಾನಿಸುವ ಹಕ್ಕು ಅವರ ಕೈ ತಪ್ಪಿತು. ಇಂದು ಕ್ಷಣಕಾಲ ಕಣ್ಣಾಡಿಸಿದ್ದನ್ನೇ ನಾಳೆ ಹತ್ತು ಪಟ್ಟು ತಂದು ಸುರಿಯುವುದು ಆ ಆ್ಯಪುಗಳ ಸ್ವಭಾವ.

ಅಪ್ಪಯ್ಯನಿಗೆ ಇದು ಸಹಿಸದ ಸಂಗತಿ. ಅವರು ಪತ್ರಿಕೆಯನ್ನು ಕತ್ತರಿ ಹಿಡಿದು ಓದಿದವರು. 1975ರ ಆರ್ಯಭಟ ಉಪಗ್ರಹ, 1979ರಲ್ಲಿ ಸ್ಕೈಲ್ಯಾಬ್ ಬೀಳುತ್ತದೆಂದು ಊರಿಗೆ ಊರೇ ಹೆದರಿದ್ದು, 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋಗಿದ್ದು, ಎಲ್ಲವನ್ನೂ ಕತ್ತರಿಸಿ, ಮೈದಾಹಿಟ್ಟಿನ ಅಂಟಿನಿಂದ ಹಳೆಯ ಲೆಕ್ಕದ ಪುಸ್ತಕಗಳಿಗೆ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು ತರಗತಿಗೆ ಒಯ್ಯುತ್ತಿದ್ದರು.

ರಜೆಗೆ ಬಂದಿದ್ದ ಮಗ ಅಜ್ಜನ ದೂರು ಕೇಳಿಸಿಕೊಂಡ. ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ, ಓದುತ್ತಿರುವುದು ಕಂಪ್ಯೂಟರ್. "ಅಜ್ಜ, ನೀವು ಆರಿಸಿದ್ದು ಮಾತ್ರ ಬರುವ ಹಾಗೆ ಮಾಡಿಕೊಡ್ತೇನೆ, ಎರಡು ದಿನ ಕೊಡಿ" ಎಂದ. ಎರಡು ವಿಷಯದಲ್ಲಿ ಅಂಕ ಕಡಿಮೆಯಾಗಿ ನನ್ನಿಂದ ಬೈಸಿಕೊಂಡು ವಾರವೂ ಆಗಿರಲಿಲ್ಲ. ಇವನಿಗೆ ಇದೊಂದು ಬೇರೆ ಉಸಾಬರಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವನು ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟು ಇಷ್ಟು. ಬಹಳಷ್ಟು ವೆಬ್‌ಸೈಟುಗಳು ತಮ್ಮ ಹೊಸ ಬರಹಗಳ ಒಂದು ಸಾದಾ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟಿರುತ್ತವೆ. ತಲೆಬರಹ, ತಾರೀಕು, ಕೊಂಡಿ, ಕೆಲವೊಮ್ಮೆ ಪೂರ್ತಿ ಬರಹ. ಇದಕ್ಕೆ ಆರ್‌ಎಸ್‌ಎಸ್ ಎಂದು ಹೆಸರು. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ ಕ್ರಮ ಇದು. 2000ದಲ್ಲಿ ಇದರ ಮುಂದಿನ ರೂಪವನ್ನು ಸಿದ್ಧಪಡಿಸಿದವರಲ್ಲಿ ಏರನ್ ಸ್ವಾರ್ಟ್ಜ್ ಎಂಬ ಹದಿನಾಲ್ಕು ವರ್ಷದ ಅಮೆರಿಕದ ಹುಡುಗನೂ ಇದ್ದ! ನಾವು ಆರಿಸಿದ ಸೈಟುಗಳ ಪಟ್ಟಿಗಳನ್ನು ಆಗಾಗ ಹೋಗಿ ನೋಡಿ, ಹೊಸದು ಬಂದಿದ್ದರೆ ತಂದು ಒಂದೇ ಕಡೆ ಜೋಡಿಸಿಡುವ ತಂತ್ರಾಂಶವೇ ಫೀಡ್ ರೀಡರ್. ಅದು ನಮ್ಮ ರುಚಿಯನ್ನು ಊಹಿಸಲು ಹೋಗುವುದಿಲ್ಲ. ಹೇಳಿದ ಮನೆಗಳಿಗೆ ಹೋಗಿ ಬರುತ್ತದೆ, ಅಷ್ಟೇ.

"ಇದನ್ನು ಯಾವುದಾದರೂ ಕಂಪನಿ ಪುಕ್ಕಟೆ ಕೊಡುವುದಿಲ್ಲವೇನೋ?" ಎಂದೆ.

"ಕೊಡುತ್ತಿತ್ತು ಅಪ್ಪ. ಗೂಗಲ್ 2005ರಲ್ಲಿ ಗೂಗಲ್ ರೀಡರ್ ಶುರು ಮಾಡಿತ್ತು. 2013ರ ಜುಲೈ 1ಕ್ಕೆ ಬಾಗಿಲು ಹಾಕಿತು. ಬಾಡಿಗೆ ಮನೆ ನೋಡಿ, ಖಾಲಿ ಮಾಡಿ ಅಂದರೆ ಮಾಡಬೇಕು. ನಮ್ಮ ಮನೆಯಲ್ಲೇ ಇಟ್ಟುಕೊಂಡರೆ ಆ ತಾಪತ್ರಯ ಇಲ್ಲ."

ಅಟ್ಟದ ಮೇಲಿದ್ದ ನನ್ನ ಹಳೆಯ ಲ್ಯಾಪ್‌ಟಾಪ್ ಕೆಳಗಿಳಿಯಿತು. ಕೀಲು ಮುರಿದದ್ದು, 4 ಜಿಬಿ ಮೆಮೊರಿಯದ್ದು. ಅದಕ್ಕೆ ಲಿನಕ್ಸ್ ಹಾಕಿದ. ಆಮೇಲೆ ಡಾಕರ್. 2013ರಲ್ಲಿ ಹೊರಬಂದ ಈ ಡಾಕರ್ ಕಂಟೇನರುಗಳನ್ನು ನಡೆಸುತ್ತದೆ. ಕಂಟೇನರ್ ಎಂದರೆ ಹಡಗಿನಲ್ಲಿ ಬರುವ ಕಬ್ಬಿಣದ ಪೆಟ್ಟಿಗೆಯಲ್ಲವೇ ಎಂದರೆ, ಹೆಸರು ಬಂದದ್ದೇ ಅಲ್ಲಿಂದ ಎಂದ. 1956ರಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿ 58 ಪೆಟ್ಟಿಗೆಗಳನ್ನು ಹಡಗಿಗೇರಿಸಿ ಅಮೆರಿಕದ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಪೆಟ್ಟಿಗೆಯೊಳಗೆ ಏನೇ ಇರಲಿ, ಎತ್ತುವ ಕ್ರೇನಿಗೆ ಎಲ್ಲವೂ ಒಂದೇ.

ಫೀಡ್ ರೀಡರಿಗೆ ಪಿಎಚ್‌ಪಿ ಬೇಕು, ವೆಬ್ ಸರ್ವರ್ ಬೇಕು, ಇನ್ನೂ ಏನೇನೋ ಬೇಕು. ಒಂದೊಂದನ್ನೂ ಬೇರೆ ಬೇರೆ ಹಾಕಹೊರಟರೆ ಒಂದರ ಆವೃತ್ತಿ ಇನ್ನೊಂದಕ್ಕೆ ಹೊಂದುವುದಿಲ್ಲ. ಮದುವೆ ಮನೆಗೆ ಅಡುಗೆಯವರು ಒಲೆ, ಪಾತ್ರೆ, ಸೌಟು, ಮಸಾಲೆ ಸಮೇತ ಬಂದರೆ ಮನೆಯವರಿಗೆ ಹೇಗೆ ನಿಶ್ಚಿಂತೆಯೋ, ಕಂಟೇನರ್ ಹಾಗೆ. ಬೇಕಾದದ್ದನ್ನೆಲ್ಲ ತನ್ನೊಳಗೇ ತರುತ್ತದೆ. ಅವನು ಆರಿಸಿದ್ದು ಫ್ರೆಶ್‌ಆರ್‌ಎಸ್‌ಎಸ್ ಎಂಬ ಮುಕ್ತ ತಂತ್ರಾಂಶ. ಹತ್ತು ಹದಿನೈದು ಸಾಲಿನ ಒಂದು ಕಡತ ಬರೆದು ಒಂದು ಆಜ್ಞೆ ಕೊಟ್ಟರೆ ಮುಗಿಯಿತು ಎಂದಿದ್ದ. ಎರಡು ಗಂಟೆಯಾದರೂ ಮುಗಿಯಲಿಲ್ಲ. ಆ ಕಡತದಲ್ಲಿ ಸಾಲುಗಳನ್ನು ಒಳಸರಿಸಲು ಖಾಲಿ ಜಾಗವನ್ನೇ ಬಿಡಬೇಕಂತೆ, ಟ್ಯಾಬ್ ಕೀಲಿ ಒತ್ತಬಾರದಂತೆ. ಒಂದೇ ಒಂದು ಕಡೆ ಒತ್ತಿಬಿಟ್ಟಿದ್ದ. ಅಪ್ಪಯ್ಯ ಹಿಂದೆ ನಿಂತು, "ಸಾಲು ನೇರ ಇರಬೇಕು ಅಂತ ಕಾಪಿ ಬರೆಸುವಾಗಲೇ ಹೇಳಿದ್ದೆ" ಎಂದರು.

ಸಂಜೆಯ ಹೊತ್ತಿಗೆ ಸ್ಲೇಟಿನಲ್ಲಿ ಪುಟ ತೆರೆದುಕೊಂಡಿತು. ನಾಸಾ, ಬಿಬಿಸಿಯ ವಿಜ್ಞಾನ ವಿಭಾಗ, ಕೆಲವು ಕನ್ನಡ ಬ್ಲಾಗುಗಳು, ಎರಡು ಯೂಟ್ಯೂಬ್ ಚಾನೆಲ್ಲುಗಳು ಸೇರಿ ನಲವತ್ತು ಮೂಲಗಳು. ಬೇಕೆಂದ ಕೆಲವು ಸೈಟುಗಳು ಈ ಪಟ್ಟಿಯನ್ನೇ ಕೊಡುವುದಿಲ್ಲವಾದ್ದರಿಂದ ಅವನ್ನು ಬಿಡಬೇಕಾಯಿತು. ಕರೆಂಟು ಹೋಗಿ ಲ್ಯಾಪ್‌ಟಾಪ್ ಆರಿಹೋದರೂ ಮತ್ತೆ ಚಾಲೂ ಮಾಡಿದಾಗ ಕಂಟೇನರ್ ತಾನಾಗಿ ಏಳುವಂತೆ ಒಂದು ಸಾಲು ಬರೆದಿದ್ದ. ಮನೆಯ ವೈಫೈ ಒಳಗೆ ಮಾತ್ರ ಕಾಣುವಂತೆ ಇಟ್ಟಿದ್ದ. ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಬೀಗ, ಕಾವಲು ಎಲ್ಲ ಸರಿಯಾಗಿರಬೇಕು, ಅದನ್ನು ಇನ್ನೂ ಕಲಿತಿಲ್ಲ ಎಂದ. ತಿಳಿಯದ್ದನ್ನು ತಿಳಿಯದು ಎಂದನಲ್ಲ, ನನಗೆ ಒಳಗೊಳಗೇ ಸಮಾಧಾನವಾಯಿತು.

ಅಪ್ಪಯ್ಯ ಹೊಸ ಮನುಷ್ಯರಾದರು. ಬೆಳಿಗ್ಗೆ ಕಾಫಿ ಮುಗಿಸಿ ಕೂತರೆ ಒಂದು ಗಂಟೆ. ಓದಿ ಮುಗಿದರೆ ಮುಗಿಯಿತು, ಮುಂದಕ್ಕೆ ತಳ್ಳುತ್ತ ಕೂರಲು ಇನ್ನೇನೂ ಇರುವುದಿಲ್ಲ. ಮೆಚ್ಚಿದ ಲೇಖನದ ಎದುರಿನ ನಕ್ಷತ್ರವನ್ನು ಒತ್ತಿಡುವುದನ್ನೂ ಕಲಿತರು. ಯಾಕೆಂದರೆ, ಮೊಮ್ಮಗ ರಜೆಗೆ ಬಂದಾಗ ಓದಲಿ ಎಂದು. ಎರಡು ತಿಂಗಳಲ್ಲಿ 112 ನಕ್ಷತ್ರಗಳಾದವು.

ದಸರಾ ರಜೆಗೆ ಮಗ ಬಂದ. ಬಂದವನು ಹೊಸ ಆವೃತ್ತಿ ಹಾಕುತ್ತೇನೆಂದು ಹಳೆಯ ಕಂಟೇನರನ್ನು ತೆಗೆದ. ಜಾಗ ಸಾಲದೆಂದು ಉಳಿದದ್ದನ್ನೂ ಗುಡಿಸಿದ. ಹೊಸದನ್ನು ಎಬ್ಬಿಸಿದರೆ, ಮೊದಲ ದಿನ ಬಂದಿದ್ದ ಪುಟವೇ ಬಂತು: ನಿಮ್ಮ ಭಾಷೆ ಆರಿಸಿ. ಅವನ ಮುಖ ಬಿಳಿಚಿಕೊಂಡಿತು.

ಆದದ್ದು ಇಷ್ಟೇ. ಕಂಟೇನರ್ ಎಂಬುದು ತೆಗೆದು ಎಸೆಯಲೆಂದೇ ಇರುವ ವಸ್ತು. ಹಳೆಯದನ್ನು ಕಿತ್ತು ಹೊಸದನ್ನು ಇಡುವುದು ಸುಲಭ ಎಂಬುದೇ ಅದರ ಹೆಚ್ಚುಗಾರಿಕೆ. ಆದ್ದರಿಂದ ನಾವು ಕೂಡಿಟ್ಟದ್ದು ಅದರ ಹೊರಗೆ, ಯಂತ್ರದ ಬೇರೊಂದು ಫೋಲ್ಡರಿನಲ್ಲಿ ಉಳಿಯಬೇಕು. ಅದಕ್ಕೆ ವಾಲ್ಯೂಮ್ ಎನ್ನುತ್ತಾರೆ. ಅವಸರದಲ್ಲಿ ಕಡತವನ್ನು ಚಿಕ್ಕದು ಮಾಡುವಾಗ ಆ ಒಂದು ಸಾಲನ್ನು ಅವನು ಬಿಟ್ಟಿದ್ದ. ಮೂಲಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ತನಗೇ ಮೇಲ್ ಮಾಡಿಕೊಂಡಿದ್ದರಿಂದ ನಲವತ್ತು ಮೂಲಗಳೇನೋ ಒಂದೇ ಏಟಿಗೆ ವಾಪಸು ಬಂದವು. ಅದರಲ್ಲಿ ನಕ್ಷತ್ರಗಳಿರುವುದಿಲ್ಲ. 112ರಲ್ಲಿ ಒಂದೂ ಉಳಿಯಲಿಲ್ಲ.

"ಅಜ್ಜನಿಗೆ ನೀವೇ ಹೇಳಿ ಅಪ್ಪ" ಎಂದ. ನಾನು ಒಪ್ಪಲಿಲ್ಲ. ರಾತ್ರಿ ಊಟವಾದ ಮೇಲೆ ಅವನೇ ಹೋಗಿ ಮಂಚದ ಪಕ್ಕ ಕೂತ. ನಾನು ಬಾಗಿಲ ಹೊರಗೆ ನಿಂತಿದ್ದೆ. "ಅಜ್ಜ, ಎಲ್ಲ ಹೋಯ್ತು. ನನ್ನದೇ ತಪ್ಪು." ಅಪ್ಪಯ್ಯ ತುಂಬ ಹೊತ್ತು ಮಾತಾಡಲಿಲ್ಲ.

"ಒಂದು ಮಳೆಗಾಲ ಹಂಚು ಒಡೆದು ನನ್ನ ಆರು ಪುಸ್ತಕ ನೆಂದು ಮುದ್ದೆಯಾದವು" ಎಂದರು ಕೊನೆಗೆ. "ಸ್ಕೈಲ್ಯಾಬ್ ಅದರಲ್ಲೇ ಇತ್ತು. ಮಾರನೇ ವಾರ ಪೇಟೆಗೆ ಹೋಗಿ ಟ್ರಂಕು ತಂದೆ. ನಿನ್ನ ಕಂಪ್ಯೂಟರಿನಲ್ಲಿ ಟ್ರಂಕು ಎಲ್ಲಿದೆ?"

ಮಗ ಅಲ್ಲೇ ಕೂತು ಆ ಸಾಲನ್ನು ಬರೆದು ತೋರಿಸಿದ. "ಮನೆಗೇ ಬೆಂಕಿ ಬಿದ್ದರೆ?" ಪೆನ್‌ಡ್ರೈವಿಗೆ ವಾರಕ್ಕೊಂದು ನಕಲು ಎಂದ. "ನಕಲು ಸರಿಯಿದೆಯೋ ಇಲ್ಲವೋ ತೆಗೆದು ನೋಡಿದೆಯಾ?" ಮೇಷ್ಟ್ರು ಬಿಡಬೇಕಲ್ಲ! ಮರುದಿನ ಅವನು ಬೇಕೆಂದೇ ಕಂಟೇನರನ್ನು ಅಳಿಸಿ, ನಕಲಿನಿಂದ ಮತ್ತೆ ಎಬ್ಬಿಸಿದ. ಅಪ್ಪಯ್ಯ ಪರೀಕ್ಷೆಗೆಂದು ಒತ್ತಿದ್ದ ಮೂರು ನಕ್ಷತ್ರಗಳೂ ಇದ್ದವು.

ಅವನ ಅಂಕಗಳ ಚಿಂತೆ ನನಗೆ ಈಗಲೂ ಇದೆ. ಆದರೆ ತನ್ನ ಕೆಲಸವನ್ನು ನಂಬಿದ ಒಬ್ಬರ ಎದುರು ಕೂತು ತಪ್ಪು ಒಪ್ಪಿಕೊಂಡು, ಅದನ್ನು ಸರಿಪಡಿಸಿ, ಸರಿಯಾಯಿತೆಂದು ತೋರಿಸುವ ಪರೀಕ್ಷೆಯನ್ನು ಯಾವ ಕಾಲೇಜಿನಲ್ಲೂ ನಾನು ಬರೆದಿರಲಿಲ್ಲ.

ಈಗ ಭಾನುವಾರ ಪೆನ್‌ಡ್ರೈವ್ ಸಿಕ್ಕಿಸುವ ಕೆಲಸ ನನ್ನದು. ಮಗ ಬರೆದಿಟ್ಟ ಆಜ್ಞೆ ಕಂಟೇನರನ್ನು ನಿಲ್ಲಿಸಿ, ಫೋಲ್ಡರನ್ನು ನಕಲು ಮಾಡಿ, ಮತ್ತೆ ನಡೆಸುತ್ತದೆ. ಅದು ಮುಗಿಯುತ್ತಿದ್ದಂತೆ ಅಪ್ಪಯ್ಯ ಹಾಸ್ಟೆಲ್ಲಿಗೆ ಫೋನು ಮಾಡುತ್ತಾರೆ. "ಟ್ರಂಕಿಗೆ ಬೀಗ ಬಿತ್ತು. ನಲವತ್ತೇಳು ಇದಾವೆ. ಯಾವಾಗ ಬರ್ತೀಯ?"